ಕಾರಿಗೂ ಮರೆವು ಬಂತೆ?

ರಜೆ ಮುಗಿಸಿ ಊರಿನಿಂದ ಬಂದು ನೋಡಿದರೆ ನಮ್ಮ ಹಳೆಯ ಪೆಟ್ರೋಲ್ ಕಾರಿನ ಬ್ಯಾಟರಿ ಪೂರ್ತಿ ಡೌನ್. ಹೊಸದನ್ನು ಕೂರಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಆಯಿತೇನೋ ನಿಜ, ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ನಡುಗತೊಡಗಿತು. ‘ಅಪ್ಪಾ, ಅದರ ಕಂಪ್ಯೂಟರ್ ಎಲ್ಲಾ ಮರೆತುಬಿಟ್ಟಿದೆಯಾ?’ ಪಿಯುಸಿ ಓದುವ ಮಗಳ ಪ್ರಶ್ನೆ.

ಎಲ್ಲವನ್ನೂ ಅಲ್ಲ. ಎಂಜಿನ್ ನಡೆಸುವ ಮೂಲ ಪ್ರೋಗ್ರಾಂ ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿರುತ್ತದೆ. ಆದರೆ ಪೆಟ್ರೋಲ್ ಎಷ್ಟು ಹೆಚ್ಚು-ಕಡಿಮೆ ಮಾಡಬೇಕು, ಕಾರು ನಿಂತಾಗ ಎಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕು ಎಂದು ಕಂಪ್ಯೂಟರ್ ಓಡುತ್ತ ಓಡುತ್ತ ಕಲಿತ ಲೆಕ್ಕಗಳಿವೆಯಲ್ಲ, ಅನೇಕ ಕಾರುಗಳಲ್ಲಿ ಅವು ಉಳಿಯುವುದು ಬ್ಯಾಟರಿಯ ಋಣದಲ್ಲಿ. ಪಠ್ಯಪುಸ್ತಕ ಉಳಿದು ಅಂಚಿನ ಟಿಪ್ಪಣಿ ಅಳಿಸಿಹೋದಂತೆ! ಓಡಿಸಿದರೆ ಮತ್ತೆ ಕಲಿಯುತ್ತದೆ. ನಮ್ಮದು ಎರಡು ದಿನಕ್ಕೆ ಸರಿಹೋಯಿತು.

ಇದನ್ನರಿತ ಕೆಲವರು ಎಂಜಿನ್ ದೀಪ ಹೊತ್ತಿಕೊಂಡರೆ ಬ್ಯಾಟರಿಯ ವೈರು ಕಳಚಿ ಆರಿಸುವುದುಂಟು. ದೀಪವೇನೋ ಆರಬಹುದು. ಜೊತೆಗೆ, ದೋಷ ಎಲ್ಲಿದೆಯೆಂದು ಕಂಪ್ಯೂಟರ್ ಬರೆದಿಟ್ಟ ಕೋಡೂ ಅಳಿದು, ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮೊದಲು ಸ್ಕ್ಯಾನರ್‌ನಿಂದ ಕೋಡ್ ಓದಿಸಿ ಬರೆದುಕೊಳ್ಳಿ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆಯಂತೂ ಈ ಕಳ್ಳಾಟವನ್ನು ಮುಚ್ಚಿಡುವುದಿಲ್ಲ: ‘ನನ್ನ ಸ್ವಯಂಪರೀಕ್ಷೆ ಇನ್ನೂ ಮುಗಿದಿಲ್ಲ’ ಎಂದು ಹೊಗೆ ತಪಾಸಣೆಯವರಿಗೆ ತೋರಿಸಿಬಿಡುತ್ತದೆ.