ಹರಿಗೋಲಿಗಿಲ್ಲದ ರೆಕ್ಕೆ

ಹೂವಿನಹಡಗಲಿಗೂ ಕಡಲಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಊರಿನ ಹೆಸರನ್ನೇ ಮುಂದಿಡಬೇಕಾದೀತು. ಇಲ್ಲಿನ ತೋಟಗಳ ಹೂವು ಒಂದಾನೊಂದು ಕಾಲದಲ್ಲಿ ತುಂಗಭದ್ರೆಯ ಮೇಲೆ ದೋಣಿಯೇರಿ ವಿಜಯನಗರದ ಗುಡಿಗಳಿಗೆ ಸಾಗುತ್ತಿತ್ತೆಂದೂ, ಊರಿಗೆ ಆ ಹೆಸರು ಬಂದುದು ಅದರಿಂದಲೇ ಎಂದೂ ಪ್ರತೀತಿ. ಹಡಗಿನ ಮಾತು ಹೇಗೇ ಇರಲಿ, ಈ ಸೀಮೆಯ ಜನರು ತಲೆತಲಾಂತರದಿಂದ ಬಲ್ಲ ಜಲವಾಹನವೆಂದರೆ ಹರಿಗೋಲು. ಬಿದಿರಿನ ಸೀಳುಗಳಿಂದ ಹೆಣೆದು, ಹಿಂದೆ ತೊಗಲನ್ನೂ ಈಚೆಗೆ ಟಾರು ಬಳಿದ ಹಾಳೆಯನ್ನೂ ಹೊದಿಸಿದ ದುಂಡು ಬುಟ್ಟಿ ಅದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಎಡವಿಲ್ಲ, ಬಲವಿಲ್ಲ. ಅಂಬಿಗನು ಹುಟ್ಟನ್ನು ಒಂದು ಕ್ಷಣ ಮೇಲೆತ್ತಿದನೆಂದರೆ ಬುಟ್ಟಿಯು ಬುಗುರಿಯಾಗಿ ಬಿಡುತ್ತದೆ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್‌ನ ಕಣ್ಣಿಗೂ ಈ ಸಂಗತಿ ಬಿದ್ದಿತ್ತು. ಹದಿನೈದಿಪ್ಪತ್ತು ಜನರನ್ನು ಹೊರಬಲ್ಲ ಈ ಬುಟ್ಟಿದೋಣಿಗಳು ಇತರ ದೋಣಿಗಳಂತೆ ನೇರವಾಗಿ ಹೋಗಲಾರದೆ ಸುತ್ತುತ್ತಲೇ ಸಾಗುವುದನ್ನು ಅವನು ಬರೆದಿಟ್ಟಿದ್ದಾನೆ. ಹಡಗುಗಳ ನಾಡಿನಿಂದ ಬಂದವನಿಗೆ ಅದು ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸುತ್ತಾಟದ ಹಿಂದಿರುವ ಕಾರಣವೇ, ಐದು ಶತಮಾನಗಳ ತರುವಾಯ, ಕನ್ನಡ ಕರಾವಳಿಯ ತರುಣರಿಗೆ ಒಂದು ಹೊಸ ಆಟದಲ್ಲಿ ಎದುರಾಗಿದೆ. ಆ ಆಟವೇ ಅಲೆಯ ಮೇಲಿನ ಸವಾರಿ. ಜನರ ಬಾಯಲ್ಲಿ ಸರ್ಫಿಂಗ್.

ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಎಂಬ ಸಾಧಕರು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಕಟ್ಟಿದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಅವರು ಹೆಸರಾದರು. ಅಲ್ಲಿಗೆ ಸಮೀಪದಲ್ಲಿಯೇ ಶಾಂಭವೀ ನಂದಿನೀ ನದಿಗಳು ಕೂಡಿ ಕಡಲನ್ನು ಸೇರುವ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಿನಲ್ಲಿ ಭಾರತೀಯ ಮುಕ್ತ ಸರ್ಫಿಂಗ್ ಸ್ಪರ್ಧೆ ನಡೆಯಿತು. ಒಲಿಂಪಿಕ್ ಕ್ರೀಡೆಗಳಲ್ಲಿ ಈ ಆಟಕ್ಕೆ ಪ್ರವೇಶ ದೊರೆತದ್ದು ಟೋಕಿಯೊ ಕೂಟದಲ್ಲಿ, 2021ರಲ್ಲಿ.

ಈಗ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಹಡಗಲಿ ಸೀಮೆಯ ಅಂಬಿಗರ ಮನೆಯವನು. ಬಯಲುಸೀಮೆಯ ಎಷ್ಟೋ ಜನರಂತೆ ದುಡಿಮೆಯನ್ನರಸಿ ಮಂಗಳೂರಿಗೆ ಬಂದವನು. ರಜೆಯ ದಿನಗಳಲ್ಲಿ ಕಡಲಂಚಿಗೆ ಹೋಗಿ ಹೋಗಿ, ಎರವಲು ಹಲಗೆಯ ಮೇಲೆ ನಿಲ್ಲುವುದನ್ನು ಕಲಿತವನು. ಹಲಗೆಯನ್ನು ಗೆಳೆಯನು ಕೊಟ್ಟಾನು. ಹಲಗೆಯ ಅಡಿಗೆ ಸಿಕ್ಕಿಸುವ ಈಜುರೆಕ್ಕೆಗಳನ್ನು, ಅರ್ಥಾತ್ ಫಿನ್‌ಗಳನ್ನು, ತಾನೇ ಕೊಳ್ಳಬೇಕು. ಕೂಡಿಟ್ಟ ಹಣ ಒಂದೇ ಜೊತೆಗೆ ಸಾಲುತ್ತದೆ. ಅಂಗಡಿಯಲ್ಲಿಯೋ ಹತ್ತಾರು ಬಗೆ. ಒಂದೊಂದರ ಮೇಲೂ ಒಬ್ಬೊಬ್ಬ ಜಗಜ್ಜಟ್ಟಿಯ ಹೆಸರು. ಮುಂದಿನ ಸ್ಪರ್ಧೆಯಲ್ಲಿ ಹೆಸರು ಬರೆಸಬೇಕೆಂಬ ಆಸೆ ಅವನಿಗಿದೆ. ತಪ್ಪಾಗಿ ಆರಿಸಿದರೆ ತಿಂಗಳ ಉಳಿತಾಯ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಒಂದು ಋತುವಿನ ಅಭ್ಯಾಸವೇ ಹೋಯಿತು. ಅವನು ಏನನ್ನು ನೋಡಿ ಆರಿಸಬೇಕು?

ಮೊದಲು ಈ ರೆಕ್ಕೆ ಮಾಡುವ ಕೆಲಸವನ್ನು ತಿಳಿಯಬೇಕು. ಅಲೆಯ ಮುಖವು ಚಲಿಸುತ್ತಿರುವ ಒಂದು ಇಳಿಜಾರು. ಹಲಗೆಯು ಅದರ ಮೇಲಿಂದ ಜಾರಲೆತ್ನಿಸುತ್ತದೆ. ಅಲೆಯು ಅದನ್ನು ಎತ್ತುತ್ತಲೇ ಇರುತ್ತದೆ. ಸವಾರನು ಹಲಗೆಯನ್ನು ಓರೆಯಾಗಿಸಿ ಅಲೆಯ ಉದ್ದಕ್ಕೂ ಓಡಿಸಬೇಕು. ಅಡಿಯಲ್ಲಿ ರೆಕ್ಕೆಯಿಲ್ಲದಿದ್ದರೆ ಹಲಗೆಯ ಬಾಲವು ಹರಿಗೋಲಿನಂತೆ ಪಕ್ಕಕ್ಕೆ ಜಾರಿಹೋಗುತ್ತದೆ. ರೆಕ್ಕೆಗೆ ನೀರು ಓರೆಯಾಗಿ ಬಡಿದಾಗ, ವಿಮಾನದ ರೆಕ್ಕೆಯನ್ನು ಗಾಳಿಯು ಮೇಲೆತ್ತುವ ಹಾಗೆ, ಪಕ್ಕದಿಂದ ಒಂದು ಒತ್ತು ಹುಟ್ಟುತ್ತದೆ. ಆ ಒತ್ತೇ ಜಾರುವಿಕೆಯನ್ನು ತಡೆದು ಓಟವನ್ನಾಗಿ ಮಾರ್ಪಡಿಸುತ್ತದೆ. ವೇಗ ಇಮ್ಮಡಿಯಾದರೆ ಈ ಒತ್ತು ನಾಲ್ಮಡಿಯಾಗುತ್ತದೆ. ಆದರೆ ನೀರಿನ ತಡೆಯೂ ಅದೇ ಲೆಕ್ಕದಲ್ಲಿ ಬೆಳೆಯುತ್ತದೆ. ಹಿಡಿತ ಬೇಕು, ತಡೆ ಬೇಡ. ಆಯ್ಕೆಯ ಸಂಕಟವೆಲ್ಲ ಈ ಎರಡು ಮಾತುಗಳಲ್ಲಿದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ಹವಾಯಿ ದ್ವೀಪಗಳಲ್ಲಿ ಶತಮಾನಗಳ ಕಾಲ ಜನರು ರೆಕ್ಕೆಯಿಲ್ಲದ ಮರದ ಹಲಗೆಗಳ ಮೇಲೆಯೇ ಅಲೆಯೇರಿದರು. ತಿರುಗಿಸಬೇಕಾದರೆ ಕಾಲನ್ನು ನೀರಿನಲ್ಲಿ ಎಳೆಯುತ್ತಿದ್ದರು. 1935ರಲ್ಲಿ ಟಾಮ್ ಬ್ಲೇಕ್ ಎಂಬಾತನು ಹಳೆಯ ಮೋಟಾರು ದೋಣಿಯೊಂದರ ಅಡಿಪಟ್ಟಿಯನ್ನು ತನ್ನ ಹಲಗೆಗೆ ಜೋಡಿಸಿದನು. ಹಲಗೆಯು ಹೇಳಿದ ಮಾತು ಕೇಳತೊಡಗಿತು. ಮುಂದೆ ಆಸ್ಟ್ರೇಲಿಯದ ಮಾರ್ಕ್ ರಿಚರ್ಡ್ಸ್ ಎರಡು ರೆಕ್ಕೆಗಳ ಹಲಗೆಯ ಮೇಲೆ 1979ರಿಂದ 1982ರವರೆಗೆ ನಾಲ್ಕು ಬಾರಿ ವಿಶ್ವವಿಜೇತನಾದನು. ಅವನ ದೇಶಬಾಂಧವನೇ ಆದ ಸೈಮನ್ ಆ್ಯಂಡರ್ಸನ್ ದೊಡ್ಡ ಮೈಕಟ್ಟಿನವನು. ರಿಚರ್ಡ್ಸನನ್ನು ಶಿಖರಕ್ಕೇರಿಸಿದ ಅದೇ ಜೋಡಿರೆಕ್ಕೆಯು ಇವನ ಭಾರಕ್ಕೆ ಕಾಲಡಿಯಲ್ಲಿ ಜಾರುತ್ತಿತ್ತು. ಅವನು ಅನ್ಯರನ್ನು ಅನುಕರಿಸುವುದನ್ನು ಬಿಟ್ಟು 1980ರಲ್ಲಿ ಮೂರನೆಯ ರೆಕ್ಕೆಯೊಂದನ್ನು ನಡುವೆ ನೆಟ್ಟನು. 1981ರಲ್ಲಿ ಅದೇ ಹಲಗೆಯಿಂದ ದೊಡ್ಡ ಸ್ಪರ್ಧೆಗಳನ್ನು ಗೆದ್ದನು. ಇಂದು ಲೋಕದಲ್ಲೆಲ್ಲ ಹೆಚ್ಚಾಗಿ ಬಳಕೆಯಲ್ಲಿರುವುದು ಆ ಮೂರು ರೆಕ್ಕೆಗಳ ವಿನ್ಯಾಸವೇ. ವಿಶ್ವವಿಜೇತನ ಹೆಸರು ಹೊತ್ತ ರೆಕ್ಕೆಯನ್ನು ಕಣ್ಣುಮುಚ್ಚಿ ಕೊಳ್ಳುವವರಿಗೆ ಇದಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲ.

ಆದುದರಿಂದ ಮೊದಲು ಕೇಳಬೇಕಾದುದು ಸ್ವಂತ ತೂಕವನ್ನು. ತಯಾರಕರ ಪಟ್ಟಿಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಸುಮಾರು 65ರಿಂದ 80 ಕಿಲೊ ತೂಗುವವರಿಗೆ ಮಧ್ಯಮ ಅಳತೆ, ಅದಕ್ಕಿಂತ ಹಗುರಾದವರಿಗೆ ಚಿಕ್ಕದು, ಭಾರವುಳ್ಳವರಿಗೆ ದೊಡ್ಡದು ಎಂಬುದು ರೂಢಿ. ಮಧ್ಯಮ ಅಳತೆಯ ರೆಕ್ಕೆಯು ಸುಮಾರು ನಾಲ್ಕೂವರೆ ಅಂಗುಲ ಆಳವಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹಗುರಾದ ಹುಡುಗನು ದೊಡ್ಡ ರೆಕ್ಕೆ ಹಾಕಿದರೆ ಹಲಗೆಯು ಹಟಮಾರಿ ಎತ್ತಿನಂತೆ ತಿರುಗಲೊಲ್ಲದು. ಭಾರದವನು ಚಿಕ್ಕದನ್ನು ಹಾಕಿದರೆ ತಿರುವಿನ ನಡುವೆಯೇ ಬಾಲವು ಕೈಬಿಡುತ್ತದೆ.

ಎರಡನೆಯದು ಆಕಾರ. ಹಲಗೆಗೆ ಅಂಟಿಕೊಳ್ಳುವ ಬುಡವು ಉದ್ದವಾಗಿದ್ದಷ್ಟೂ ಓಟಕ್ಕೆ ನೂಕು ಹೆಚ್ಚು. ಆಳ ಹೆಚ್ಚಿದಷ್ಟೂ ಹಿಡಿತ ಬಿಗಿ. ತುದಿಯು ಹಿಂದಕ್ಕೆ ಎಷ್ಟು ಬಾಗಿದೆ ಎಂಬುದು ತಿರುವಿನ ಗುಣವನ್ನು ನಿರ್ಧರಿಸುತ್ತದೆ: ನೆಟ್ಟಗೆ ನಿಂತ ರೆಕ್ಕೆಯು ಹಲಗೆಯನ್ನು ನಿಂತ ನಿಲುವಿನಲ್ಲೇ ಚಕ್ಕನೆ ಹೊರಳಿಸುತ್ತದೆ, ಹಿಂದಕ್ಕೆ ಬಾಗಿದ ರೆಕ್ಕೆಯು ಉದ್ದನೆಯ, ತುಂಡಾಗದ ಕಮಾನನ್ನು ಬರೆಯುತ್ತದೆ. ವೇಗವನ್ನೂ ನಯವಾದ ಹರಿವನ್ನೂ ಬಯಸುವವನು ಉದ್ದ ಬುಡ, ಹದವಾದ ಆಳ, ಸಾಕಷ್ಟು ಹಿಂಬಾಗು ಇರುವುದನ್ನು ಹುಡುಕಬೇಕು. ಪಕ್ಕದ ರೆಕ್ಕೆಗಳ ಒಳಮೈ ಚಪ್ಪಟೆ, ಹೊರಮೈ ಉಬ್ಬು. ನಡುವಿನದು ಎರಡೂ ಕಡೆ ಸಮನಾಗಿ ಉಬ್ಬಿರುತ್ತದೆ.

ಮೂರನೆಯದು ಬಳುಕು. ಗಡುಸಾದ ರೆಕ್ಕೆಯು ಕಾಲಿನ ಅಪ್ಪಣೆಗೆ ಒಡನೆ ಓಗೊಡುತ್ತದೆ; ಬಲವಾದ ಅಲೆಗಳಲ್ಲಿ ನುರಿತವರಿಗೆ ಅದು ಹಿತ. ಬಳುಕುವ ರೆಕ್ಕೆಯು ತಪ್ಪನ್ನು ಕ್ಷಮಿಸುತ್ತದೆ; ತಿರುವಿನಲ್ಲಿ ಬಾಗಿ, ಕೊನೆಯಲ್ಲಿ ಚಿಮ್ಮಿ ನೇರವಾಗುತ್ತದೆ. ಕಲಿಯುವವನಿಗೆ ಬುಡ ಗಟ್ಟಿಯಾಗಿ ತುದಿ ಮಾತ್ರ ಬಳುಕುವ ನಡುದಾರಿಯೇ ಲೇಸು.

ನಾಲ್ಕನೆಯದು ಸಂಖ್ಯೆ. ಎರಡು ರೆಕ್ಕೆಗಳಲ್ಲಿ ತಡೆ ಕಡಿಮೆ, ಆದುದರಿಂದ ಮಂದವಾದ ಅಲೆಯಲ್ಲೂ ಓಟವಿದೆ, ಹಿಡಿತ ಸಡಿಲ. ನಾಲ್ಕರಲ್ಲಿ ವೇಗವೂ ಅಲೆಯ ಗೋಡೆಯ ಮೇಲಿನ ಹಿಡಿತವೂ ಇವೆ. ತಿರುವು ತುಸು ವಿಶಾಲ. ಮೂರರಲ್ಲಿ ಎಲ್ಲವೂ ಸಮತೂಕ. ಒಂದೇ ಜೊತೆಗೆ ಹಣವಿರುವ ತರುಣನು ಮೂರನ್ನೇ ಕೊಳ್ಳುವುದು ಜಾಣತನ. ಕೊಳ್ಳುವ ಮುನ್ನ ಹಲಗೆಯ ಕುಳಿಯ ಮಾದರಿಯನ್ನು ನೋಡಿಕೊಳ್ಳಬೇಕು. ಒಂದು ಪದ್ಧತಿಯ ರೆಕ್ಕೆಯು ಇನ್ನೊಂದರ ಕುಳಿಗೆ ಕೂಡುವುದಿಲ್ಲ. ಅಂಚುಗಳು ತೀರ ಹರಿತವಾಗಿದ್ದರೆ ಮರಳುಕಾಗದದಿಂದ ತುಸು ಮೊಂಡು ಮಾಡಿಕೊಳ್ಳುವುದು ಕ್ಷೇಮ. ಈ ಆಟದ ಗಾಯಗಳಲ್ಲಿ ಬಹಳಷ್ಟು ಆಗುವುದು ಬಂಡೆಯಿಂದಲ್ಲ, ಮೀನಿನಿಂದಲ್ಲ, ಸವಾರನ ಸ್ವಂತ ಹಲಗೆಯಿಂದಲೇ.

ಸ್ಪರ್ಧೆಯಲ್ಲಿ ಪ್ರತಿ ಸವಾರಿಗೂ ಹತ್ತರೊಳಗೆ ಅಂಕ; ಅತ್ಯುತ್ತಮವಾದ ಎರಡು ಸವಾರಿಗಳ ಮೊತ್ತವೇ ಫಲಿತಾಂಶ. ತೀರ್ಪುಗಾರರು ನೋಡುವ ಗುಣಗಳಲ್ಲಿ ವೇಗ, ಬಲ, ಹರಿವು ಎಂಬ ಮೂರೂ ಸೇರಿವೆ. ವೇಗವನ್ನೂ ಬಲವನ್ನೂ ರೆಕ್ಕೆ ತಕ್ಕಮಟ್ಟಿಗೆ ಕೊಟ್ಟೀತು. ಹರಿವು ಮಾತ್ರ ಅಂಗಡಿಯಲ್ಲಿ ದೊರಕುವ ಸಾಮಗ್ರಿಯಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವಾರಕ್ಕೊಂದು ರೆಕ್ಕೆ ಬದಲಾಯಿಸುವವರ ಕಥೆಯೂ ಅದೇ. ಒಂದು ಜೊತೆಯನ್ನು ಆರಿಸಿ, ಅದೇ ಹಲಗೆಯ ಮೇಲೆ, ಬಗೆಬಗೆಯ ಅಲೆಗಳಲ್ಲಿ ಹಲವು ದಿನ ಸವಾರಿ ಮಾಡಿದವನಿಗೇ ಅದರ ಗುಣದೋಷಗಳು ಪಾದದ ಮೂಲಕ ತಿಳಿಯುತ್ತವೆ.

ಈ ಅರಿವಿನಲ್ಲಿ ಅಂಬಿಗರ ಮನೆಯ ತರುಣನು ಯಾರಿಗೂ ಹಿಂದಲ್ಲ. ಅವನ ಹಿರಿಯರ ಹರಿಗೋಲಿಗೆ ರೆಕ್ಕೆಯಿರಲಿಲ್ಲ. ಹುಟ್ಟೇ ರೆಕ್ಕೆ, ಮೊಣಕೈಯೇ ಚುಕ್ಕಾಣಿ. ಪ್ರವಾಹದ ದಿನಗಳಲ್ಲಿ ಸುಳಿಯೆಲ್ಲಿ, ಸೆಳವೆಲ್ಲಿ ಎಂಬುದನ್ನು ನೀರಿನ ಬಣ್ಣದಿಂದಲೇ ಓದಿ, ಸುತ್ತುವ ಬುಟ್ಟಿಯನ್ನು ಆಚೆ ದಡದ ಅದೇ ಕಲ್ಲಿಗೆ ತಂದು ಮುಟ್ಟಿಸುತ್ತಿದ್ದವರು ಅವರು. ಬುಟ್ಟಿಯಲ್ಲಿ ಕುಳಿತವರ ಪ್ರಾಣ ಆ ಓದಿನ ಮೇಲೆ ನಿಂತಿತ್ತು. ಅದೇ ಕಣ್ಣು ಸಸಿಹಿತ್ಲುವಿನ ಅಲೆಯನ್ನೂ ಓದಬಲ್ಲದು. ರೆಕ್ಕೆಯು ಹಲಗೆಗೆ ಹಿಡಿತವನ್ನು ಕೊಡುತ್ತದೆ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವು ನೀರಿನೊಡನೆ ಬಾಳಿದವರಿಂದ ಬರತಕ್ಕದ್ದು.