ಸ್ಟಾರ್ಟಪ್ ಸುದ್ದಿ ಯಾರ ಬಾಯಿಂದ ಬರುತ್ತೆ?

2024ರ ಜುಲೈ ತಿಂಗಳ ಮೂರು ದಿನಗಳನ್ನು ನೆನಪಿಸಿಕೊಳ್ಳಿ. 15ರಂದು ರಾಜ್ಯ ಸಚಿವ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70ರಷ್ಟು ಸ್ಥಳೀಯರಿಗೆ ಅನ್ನುವುದು ಅದರ ಸಾರ. 16ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ, ಬಿಸಿಸಿಐಗೆ ಸುಮಾರು 158 ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿದ್ದ ಬೈಜೂಸ್ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭಿಸಲು ಆದೇಶಿಸಿತು. 17ರಂದು ಸರ್ಕಾರ ಮಸೂದೆಯನ್ನು ತಡೆಹಿಡಿಯಿತು.

ಮಸೂದೆ ಸರಿಯಿತ್ತೋ ಇಲ್ಲವೋ, ಅದು ಬೇರೆ ಚರ್ಚೆ. ನನ್ನನ್ನು ಕಾಡುವುದು ಬೇರೆಯೇ. ದೇಶದ ಅತಿ ದೊಡ್ಡ ಸ್ಟಾರ್ಟಪ್ ಅನ್ನಿಸಿಕೊಂಡಿದ್ದ ಕಂಪನಿ ಕಣ್ಣೆದುರೇ ಕುಸಿದ ವಾರದಲ್ಲೇ, ಉದ್ಯಮಿಗಳ ಟ್ವೀಟ್‌ಗಳು ಮತ್ತು ನಾಸ್ಕಾಂನ ಒಂದು ಹೇಳಿಕೆ ಸಂಪುಟದ ತೀರ್ಮಾನವನ್ನು ಎರಡು ದಿನದಲ್ಲಿ ಅಲ್ಲಾಡಿಸಿದವು. ಈ ಮಾತುಗಳಿಗೆ ಅಷ್ಟು ತೂಕ ಬಂದದ್ದು ಎಲ್ಲಿಂದ? ಅದರಲ್ಲಿ ಒಂದು ಪಾಲು ನಮ್ಮ ಪತ್ರಿಕೋದ್ಯಮ ಕೊಟ್ಟದ್ದು.

ನಾನು ಈ ಕೆಲಸವನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಎಂಜಿನಿಯರಿಂಗ್ ಮುಗಿಸಿ ಮೊದಲು ಸೇರಿದ್ದು ಒಂದು ಕಮ್ಯುನಿಕೇಷನ್ಸ್ ಏಜೆನ್ಸಿಗೆ. ಫೌಂಡರ್‌ಗಳ ಪರವಾಗಿ ಪ್ರೆಸ್‌ ನೋಟ್ ಬರೆಯುವುದು, ಸಂದರ್ಶನಕ್ಕೆ ಅವರನ್ನು ತಯಾರು ಮಾಡುವುದು ನನ್ನ ಕೆಲಸ. ಆಮೇಲೆ ಪತ್ರಿಕೋದ್ಯಮಕ್ಕೆ ಬಂದು ಅಂಥದ್ದೇ ಫೌಂಡರ್‌ಗಳ ಎದುರು ರೆಕಾರ್ಡರ್ ಇಟ್ಟು ಕೂತೆ. ಹಾಗಾಗಿ ಒಂದು ಫಂಡಿಂಗ್ ಸುದ್ದಿ ಹೇಗೆ ತಯಾರಾಗುತ್ತೆ ಅಂತ ಹೇಳಬಲ್ಲೆ.

ಏಜೆನ್ಸಿ ಒಬ್ಬ ವರದಿಗಾರರನ್ನು ಆರಿಸಿಕೊಂಡು ‘ಎಕ್ಸ್‌ಕ್ಲೂಸಿವ್’ ಕೊಡುತ್ತೆ. ಇಂಥ ದಿನ, ಇಂಥ ಗಂಟೆಗೆ ಮೊದಲು ಪ್ರಕಟಿಸಬಾರದು ಅನ್ನೋ ಷರತ್ತು ಇರುತ್ತೆ. ಫೌಂಡರ್ ಜೊತೆ ಅರ್ಧ ಗಂಟೆ ಮಾತುಕತೆ, ಪಕ್ಕದಲ್ಲೇ ಏಜೆನ್ಸಿಯವರು. ನಷ್ಟ ಎಷ್ಟು, ಕೆಲಸ ಬಿಟ್ಟವರೆಷ್ಟು ಅಂತ ಕೇಳಿದರೆ, “ಅದನ್ನ ಆಮೇಲೆ ಮೇಲ್ ಮಾಡ್ತೀವಿ” ಅನ್ನೋ ಉತ್ತರ. ಆ ಮೇಲ್ ಸಾಮಾನ್ಯವಾಗಿ ಬರೋದಿಲ್ಲ. ಖಾರವಾಗಿ ಬರೆದರೆ ಮುಂದಿನ ಎಕ್ಸ್‌ಕ್ಲೂಸಿವ್ ಪಕ್ಕದ ಪತ್ರಿಕೆಗೆ. ಇಲ್ಲಿ ಯಾರೂ ಲಂಚ ಕೊಡುವುದಿಲ್ಲ, ಸುಳ್ಳು ಹೇಳಲೇಬೇಕು ಅಂತಲೂ ಇಲ್ಲ. ಯಾವ ಅಂಕಿ ದಪ್ಪಕ್ಷರದಲ್ಲಿ ಬರಬೇಕು ಅನ್ನೋದನ್ನು ಫೌಂಡರ್ ನಿರ್ಧರಿಸುತ್ತಾರೆ, ಅಷ್ಟೇ.

ಆ ಅಂಕಿ ಬಹುಪಾಲು ವ್ಯಾಲ್ಯುಯೇಷನ್ ಆಗಿರುತ್ತೆ. ಒಬ್ಬ ಹೂಡಿಕೆದಾರ 100 ಕೋಟಿ ಕೊಟ್ಟು ಶೇ 1ರಷ್ಟು ಪಾಲು ಪಡೆದರೆ ಕಂಪನಿಯ ಬೆಲೆ 10,000 ಕೋಟಿ ಅಂತ ಲೆಕ್ಕ. ಕಂಪನಿಗೆ ಬಂದಿರುವ ದುಡ್ಡು 100 ಕೋಟಿ ಮಾತ್ರ. ಕಂಪನಿ ಮುಳುಗಿದರೆ ತನ್ನ ದುಡ್ಡು ಮೊದಲು ವಾಪಸ್ ಬರಬೇಕು ಅಂತ ಹೂಡಿಕೆದಾರ ಒಪ್ಪಂದದಲ್ಲಿ ಬರೆಸಿಕೊಂಡಿರಲೂಬಹುದು. ಆ ಸಾಲು ಪ್ರೆಸ್‌ ನೋಟ್‌ನಲ್ಲಿ ಇರೋದಿಲ್ಲ. ಹೆಡ್‌ಲೈನ್‌ನಲ್ಲಿ ಉಳಿಯೋದು 10,000 ಕೋಟಿ.

ಬೈಜೂಸ್ ಕಥೆಯನ್ನು ಈ ಲೆಕ್ಕದಲ್ಲಿ ಓದಿ. 2022ರ ಮಾರ್ಚ್‌ನಲ್ಲಿ ಕಂಪನಿ 80 ಕೋಟಿ ಡಾಲರ್ ಹೂಡಿಕೆ ಪ್ರಕಟಿಸಿತು, ವ್ಯಾಲ್ಯುಯೇಷನ್ 2,200 ಕೋಟಿ ಡಾಲರ್. ಎಲ್ಲೆಡೆ ದೊಡ್ಡ ಸುದ್ದಿ. ಅದರಲ್ಲಿ ಸುಮೇರು ಮತ್ತು ಆಕ್ಸ್‌ಶಾಟ್ ಎಂಬ ಹೂಡಿಕೆದಾರರ ಹಣ ಬಂದೇ ಇಲ್ಲ ಅಂತ ಕೆಲವು ತಿಂಗಳ ನಂತರ ಗೊತ್ತಾಯ್ತು. 2021ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ 4,588 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಸುಮಾರು 230 ಕೋಟಿ ಇತ್ತು. ಅಕ್ಟೋಬರ್‌ನಲ್ಲಿ 2,500 ಜನರನ್ನು ತೆಗೆಯುವ ಪ್ರಕಟಣೆ, ನವೆಂಬರ್‌ನಲ್ಲಿ ಲಿಯೋನೆಲ್ ಮೆಸ್ಸಿ ರಾಯಭಾರಿ! ಕೋರ್ಸ್ ಮಾರಾಟದ ರೀತಿ ಬಗ್ಗೆ ಬಂದ ದೂರುಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಡಿಸೆಂಬರ್‌ನಲ್ಲಿ ಬೈಜು ರವೀಂದ್ರನ್ ಅವರಿಗೆ ಸಮನ್ಸ್ ಕೊಟ್ಟಿತು. 2023ರ ಜೂನ್‌ನಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಹೊರನಡೆಯಿತು, ಹೂಡಿಕೆದಾರರ ಮೂವರು ಪ್ರತಿನಿಧಿಗಳು ನಿರ್ದೇಶಕ ಮಂಡಳಿ ಬಿಟ್ಟರು.

ಯಾರೂ ಎಚ್ಚರಿಸಲಿಲ್ಲ ಅಂದರೆ ಅನ್ಯಾಯವಾಗುತ್ತೆ. ‘ದಿ ಕೆನ್’, ‘ದಿ ಮಾರ್ನಿಂಗ್ ಕಾಂಟೆಕ್ಸ್ಟ್’ನಂಥ ತಾಣಗಳು ಈ ಕಂಪನಿಯನ್ನು ಪ್ರಶ್ನಿಸಿ ಬರೆದವು. ಆದರೆ ಅವು ಇಂಗ್ಲಿಷ್‌ನಲ್ಲಿ, ಚಂದಾ ಕಟ್ಟಿದವರಿಗೆ. ಮಗುವಿನ ಕೋರ್ಸ್‌ಗೆ ಇಎಂಐ ಕಟ್ಟುತ್ತಿದ್ದ ಅಪ್ಪ ಅಮ್ಮ ನೋಡಿದ್ದು ಕ್ರಿಕೆಟ್ ತಂಡದ ಜೆರ್ಸಿ ಮೇಲಿನ ಹೆಸರನ್ನು. ಎಂಜಿನಿಯರಿಂಗ್ ಮುಗಿಸಿ ಅದೇ ಕೋರ್ಸ್ ಮಾರುವ ಟಾರ್ಗೆಟ್ ಹೊತ್ತ ಹುಡುಗ ಹುಡುಗಿಯರು ನೋಡಿದ್ದೂ ಅದನ್ನೇ. ನಮ್ಮ ಕನ್ನಡ ಓದುಗರ ಪಾಲಿಗೆ ಬಂದದ್ದು ಹೆಚ್ಚಾಗಿ ಇಂಗ್ಲಿಷ್ ಪ್ರೆಸ್‌ ನೋಟ್‌ನ ಅನುವಾದ. ಕೊನೆಗೆ ಸಂಬಳ ಬಾಕಿಯಿದ್ದ ನೌಕರರು ಕ್ಲೇಮ್ ಅರ್ಜಿ ಹಾಕಿಕೊಂಡು ಕಾಯಬೇಕಾಯ್ತು.

ಈಗ ಆ ಜುಲೈ ವಾರಕ್ಕೇ ಬನ್ನಿ. ವರ್ಷಗಟ್ಟಲೆ ಫೌಂಡರ್‌ಗಳನ್ನು ಸಾಧಕರ ಪುಟದಲ್ಲಿ ಕೂರಿಸಿದ ಮೇಲೆ, ಉದ್ಯೋಗ, ಭಾಷೆ, ಕೆಲಸದ ಗಂಟೆ ಯಾವುದರ ಬಗ್ಗೆಯೂ ಅವರ ಟ್ವೀಟ್ ‘ಉದ್ಯಮದ ಅಭಿಪ್ರಾಯ’ ಆಗಿಬಿಡುತ್ತೆ. ಅದೇ ಉದ್ಯಮದಲ್ಲಿ ದುಡಿಯುವವರು ಮಾತಾಡಿದರೆ ಅದು ಬರೀ ‘ದೂರು’. ಅದೇ ತಿಂಗಳು ಐಟಿ ಕ್ಷೇತ್ರದಲ್ಲಿ 14 ಗಂಟೆ ಕೆಲಸಕ್ಕೆ ದಾರಿ ಮಾಡುವ ಪ್ರಸ್ತಾವ ಬಂದಾಗ, ಅದನ್ನು ಬಯಲಿಗೆಳೆದು ವಿರೋಧಿಸಿದ್ದು ಐಟಿ ನೌಕರರ ಸಂಘ ಕೆಐಟಿಯು. ಆ ಸಂಘದ ನಾಯಕರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 70 ಗಂಟೆ ದುಡಿಯಿರಿ ಅಂದ ನಾರಾಯಣ ಮೂರ್ತಿ ಎಲ್ಲರಿಗೂ ಗೊತ್ತು, ಅಲ್ವಾ?

ಪಿಆರ್ ಏಜೆನ್ಸಿ ಇಲ್ಲದವರ ಮಾತು ವಿಧಾನಸೌಧಕ್ಕೆ ತಲುಪುವುದೇ ಇಲ್ಲ ಅಂತಲ್ಲ. ಡೆಲಿವರಿ ಮತ್ತು ಕ್ಯಾಬ್ ಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದಕ್ಕೆ, ಉದ್ಯಮ ಸಂಘಟನೆಗಳ ಆಕ್ಷೇಪದ ನಡುವೆಯೂ, 2025ರಲ್ಲಿ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂತು. ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿಗಳು ಕಟ್ಟಬೇಕು. ಒಬ್ಬರಿಗೆ ಎರಡು ದಿನ ಸಾಕು, ಇನ್ನೊಬ್ಬರಿಗೆ ವರ್ಷಗಳು ಬೇಕು. ಈ ಅಂತರವನ್ನು ನಾನು ರಾಜಕೀಯ ಅಂತಲೇ ಕರೆಯುತ್ತೇನೆ.

ಪತ್ರಕರ್ತರು ಮಾಡಬಹುದಾದದ್ದು ರಾಕೆಟ್ ವಿಜ್ಞಾನವೇನಲ್ಲ. ಕಂಪನಿಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ 100 ರೂಪಾಯಿ ಕಟ್ಟಿದರೆ ಖಾಸಗಿ ಕಂಪನಿಯೊಂದು ಸಲ್ಲಿಸಿರುವ ಲೆಕ್ಕಪತ್ರಗಳನ್ನು ಯಾರು ಬೇಕಾದರೂ ನೋಡಬಹುದು. ಹೊತ್ತಿಗೆ ಸರಿಯಾಗಿ ಸಲ್ಲಿಸದಿದ್ದರೆ ಅದೇ ಮೊದಲ ಸುದ್ದಿ. ಫಂಡಿಂಗ್ ವರದಿ ಬರೆಯುವ ದಿನವೇ ಹಿಂದಿನ ವರ್ಷದ ನಷ್ಟವನ್ನೂ, ಒಬ್ಬ ಮಾಜಿ ನೌಕರರ ಮಾತನ್ನೂ ಸೇರಿಸಿದರೆ ಎಕ್ಸ್‌ಕ್ಲೂಸಿವ್ ತಪ್ಪಬಹುದು, ತಪ್ಪಲಿ.

ನೀವೂ ಒಂದು ಕೆಲಸ ಮಾಡಿ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಆ 100 ರೂಪಾಯಿ ಖರ್ಚು ಮಾಡಿ, ಕಂಪನಿಯ ಲೆಕ್ಕ ತೆಗೆದು ನೋಡಿ.