ಇರಾಕಿನ ಬಸ್ರಾದಲ್ಲಿ ಉರಿದು ಹೋಗುವ ಯೂರಿಯಾ

ಮಸಾರಿ ಹೊಲದ ಮೆಕ್ಕೆಜೋಳ ಮೊಣಕಾಲೆತ್ತರ ಬಂದು, ಒಂದು ಹದ ಮಳೆ ಬಿತ್ತೆಂದರೆ ಯೂರಿಯಾ ಹಾಕಲು ನಮಗಿರುವುದು ನಾಲ್ಕೈದು ದಿನ. ಹಸಿ ಆರಿದ ಮೇಲೆ ಎಷ್ಟು ಚೀಲ ಸಿಕ್ಕರೂ ಅಷ್ಟೇ. 2025ರ ಮುಂಗಾರಿನಲ್ಲಿ ಕೊಟ್ಟೂರು ಸೀಮೆಯ ನಾನೂ ನಸುಕಿನಲ್ಲೇ ಪಾಳಿ ಹಚ್ಚಿ, ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ, ಎರಡೇ ಚೀಲ ತಂದೆ. ₹266.50ರ ಚೀಲದ ಜೊತೆ ಬೇಡದ ಔಷಧದ ಡಬ್ಬಿಯೊಂದನ್ನು ‘ಲಿಂಕ್’ ಎಂದು ಗಂಟು ಹಾಕಿದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿ ಕೇಳಿದರೂ ಇದೇ ಗೋಳು.

ಈ ಯೂರಿಯಾ ಆಗುವುದು ನೈಸರ್ಗಿಕ ಗ್ಯಾಸಿನಿಂದ. ಗ್ಯಾಸಿನ ಜಲಜನಕಕ್ಕೆ ಗಾಳಿಯ ಸಾರಜನಕ ಕೂಡಿಸಿದರೆ ಅಮೋನಿಯಾ, ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಯೂರಿಯಾ. ಮಂಗಳೂರು ಬಳಿಯ ಪಣಂಬೂರಿನ ಎಂಸಿಎಫ್ ಯೂರಿಯಾ ಕಾರ್ಖಾನೆ ನಾಫ್ತಾ ಬಿಟ್ಟು ಗ್ಯಾಸಿಗೆ ಹೊರಳಿದ್ದು ಕೊಚ್ಚಿಯಿಂದ ಪೈಪ್‌ಲೈನ್ ಬಂದ ಮೇಲೆ, 2020ರ ಕೊನೆಗೆ. ಕೊಚ್ಚಿಗೆ ಆ ಗ್ಯಾಸ್ ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ.

ಅತ್ತ ಜಗತ್ತಿನ ಎಣ್ಣೆಬಾವಿಗಳಲ್ಲಿ ಕಚ್ಚಾತೈಲದ ಜೊತೆ ಮೇಲೆದ್ದು ಬರುವ ಗ್ಯಾಸನ್ನು ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಸುಡುತ್ತಾರೆ. ವಿಶ್ವಬ್ಯಾಂಕಿನ ಲೆಕ್ಕದಂತೆ 2024ರಲ್ಲಿ ಹೀಗೆ ಸುಟ್ಟದ್ದು 15,100 ಕೋಟಿ ಘನ ಮೀಟರ್. ಒಂದು ಟನ್ ಯೂರಿಯಾಕ್ಕೆ ಬೇಕಾದದ್ದು ಆರುನೂರು ಚಿಲ್ಲರೆ ಘನ ಮೀಟರ್. ಇರಾಕ್ ಒಂದೇ ಸುಡುವ ಗ್ಯಾಸಿನಲ್ಲಿ ಇಡೀ ಭಾರತ ವರ್ಷಕ್ಕೆ ಬಳಸುವ ಯೂರಿಯಾದ ಅರ್ಧಕ್ಕಿಂತ ಹೆಚ್ಚು ಮಾಡಬಹುದು. ಆ ಇರಾಕಿನ ತೈಲದ ದೊಡ್ಡ ಗಿರಾಕಿಗಳಲ್ಲಿ ನಾವೂ ಒಬ್ಬರು! ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಾವಿಗಳು ಚದುರಿವೆ, ಗ್ಯಾಸಿನಲ್ಲಿ ಗಂಧಕವಿರುತ್ತದೆ, ಕಾರ್ಖಾನೆಗೆ ಸಾವಿರಾರು ಕೋಟಿ ಬೇಕು ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ನಮ್ಮ ಕಡಲಿನ ಮುಂಬೈ ಹೈ ತೈಲಕ್ಷೇತ್ರದಲ್ಲೂ ಮೊದಲು ಸುಡುತ್ತಲೇ ಇದ್ದರು. ಆ ಗ್ಯಾಸನ್ನು ದಡಕ್ಕೆ ತಂದ ಮೇಲೆ ರಾಯಗಡ ಜಿಲ್ಲೆಯ ಥಳ್‌ನಲ್ಲಿ ಯೂರಿಯಾ ಕಾರ್ಖಾನೆ ಎದ್ದಿತು. ಅಸ್ಸಾಮಿನ ನಾಮರೂಪ್‌ನಲ್ಲಿ 1969ರಲ್ಲೇ ಅಲ್ಲಿನ ತೈಲಕ್ಷೇತ್ರದ ಗ್ಯಾಸ್ ಗೊಬ್ಬರವಾಗಿತ್ತು. ಹೊರದೇಶದ ಮಾತು ಬಂದರೆ ಒಮಾನಿನ ಸೂರ್ ಪಟ್ಟಣದ ಯೂರಿಯಾ ಕಾರ್ಖಾನೆ ಇದೆ. ಅಲ್ಲಿನ ಗ್ಯಾಸ್‌, ಪಾಲುದಾರರು ನಮ್ಮವೇ ಸಹಕಾರಿ ಸಂಸ್ಥೆಗಳಾದ ಇಫ್ಕೊ ಮತ್ತು ಕ್ರಿಬ್ಕೊ. 2005ರಿಂದ ನಡೆಯುತ್ತಿರುವ ಆ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಸುಮಾರು 16.5 ಲಕ್ಷ ಟನ್ ಯೂರಿಯಾ.

ಇರಾಕಿನ ಜೊತೆಯೂ ಅಂಥದೇ ಒಪ್ಪಂದ ಆಗಲಿ. ತೈಲ ಕೊಳ್ಳುವ ಮಾತುಕತೆಯಲ್ಲೇ ಸುಡುವ ಗ್ಯಾಸಿನ ಮಾತೂ ಬರಲಿ, ಹತ್ತು ಹದಿನೈದು ವರ್ಷ ಆ ಯೂರಿಯಾ ಕೊಳ್ಳುತ್ತೇವೆಂದು ನಮ್ಮ ಸರ್ಕಾರ ಬರೆದುಕೊಡಲಿ. ಕೊಳ್ಳುವವರು ಖಚಿತವಾದರೆ ಬಂಡವಾಳ ಹಾಕುವವರು ಬರುತ್ತಾರೆ. ಬಳ್ಳಾರಿ, ದಾವಣಗೆರೆಯ ಸಂಸದರು ಗೊಬ್ಬರದ ರೇಕ್ ಕೇಳಲು ದೆಹಲಿಗೆ ಹೋದಾಗ ಪೆಟ್ರೋಲಿಯಂ ಸಚಿವರ ಕಚೇರಿಗೂ ಹೋಗಿ ಇದನ್ನು ಕೇಳಬೇಕು.